ಐಡಿ ಕಾರ್ಡಿನಲ್ಲಿ 'ಕಲ್ಲಪ್ಪ' ಹೋಗಿ 'ಕಳ್ಳಪ್ಪ' ಆಗುವುದು ಹೇಗೆ? ಅದು ಕಂಪ್ಯೂಟರ್ ತಪ್ಪಲ್ಲ

"ಏನ್ರೀ ಅಣ್ಣಾರ, ನಮ್ಮ ಹುಡುಗನ ಹೆಸರು ಹಿಂಗ್ಯಾಕ ಬಂದೈತಿ?"

"ಅದು ಕಂಪ್ಯೂಟರ್ ತಪ್ಪರೀ. ನಾವೇನು ಮಾಡಾಕ ಬರತೈತಿ?"

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಯಾವ ಊರಿನ ಪ್ರಿಂಟಿಂಗ್ ಪ್ರೆಸ್ ಮುಂದೆ ನಿಂತರೂ ಇಂಥ ಮಾತು ಕಿವಿಗೆ ಬೀಳಬಹುದು. ಶಾಲೆಯ ಐಡಿ ಕಾರ್ಡು, ಬಹುಮಾನದ ಸರ್ಟಿಫಿಕೇಟು, ಸೊಸೈಟಿಯ ಸದಸ್ಯರ ಕಾರ್ಡು ನೂರಾರು ಒಟ್ಟಿಗೆ ಅಚ್ಚಾಗಿ ಬರುತ್ತವೆ. ನೋಡಿದರೆ ಒಂದಷ್ಟು ಹೆಸರು ತಪ್ಪು, ಕೆಲವು ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆ. 'ಕನ್ನಡ ಕಂಪ್ಯೂಟರಿಗೆ ಒಗ್ಗುವ ಭಾಷೆ ಅಲ್ಲ' ಎಂದು ಹೇಳುವವರೂ ಇದ್ದಾರೆ. ಇದೂ ನಿಜವಲ್ಲ, ಕಂಪ್ಯೂಟರ್ ತಪ್ಪು ಅನ್ನುವುದೂ ನಿಜವಲ್ಲ.

ಒಂದೇ ವಿನ್ಯಾಸ, ಆದರೆ ಪ್ರತಿ ಕಾರ್ಡಿನಲ್ಲೂ ಬೇರೆ ಹೆಸರು, ಬೇರೆ ಫೋಟೋ, ಬೇರೆ ನಂಬರ್. ಹೀಗೆ ಮುದ್ರಿಸುವುದಕ್ಕೆ ವೇರಿಯಬಲ್ ಡೇಟಾ ಪ್ರಿಂಟಿಂಗ್ ಎನ್ನುತ್ತಾರೆ. ಹೆಸರು ಹೊಸದಾಗಿ ಕೇಳಿಸಿದರೂ ಇದು ನಿಮ್ಮ ಕೈಗೆ ದಿನಾ ಬರುವ ವಸ್ತುವೇ. ಹೆಸ್ಕಾಂ ಕರೆಂಟ್ ಬಿಲ್ ನೋಡಿ, ಕಬ್ಬಿನ ಗಾಡಿ ಫ್ಯಾಕ್ಟರಿಗೆ ಹೋದಾಗ ಸಿಗುವ ತೂಕದ ಚೀಟಿ ನೋಡಿ. ಬನಹಟ್ಟಿಯ ನೇಕಾರರಿಗಂತೂ ಬೇಗ ಅರ್ಥವಾಗುತ್ತದೆ: ಜಕಾರ್ಡಿನಲ್ಲಿ ಯಾವ ಎಳೆ ಮೇಲೇಳಬೇಕು ಎಂದು ತೂತು ಹೊಡೆದ ರಟ್ಟು ಹೇಳುತ್ತದೆ. ಇಲ್ಲಿ ಆ ರಟ್ಟಿನ ಜಾಗದಲ್ಲಿ ಎಕ್ಸೆಲ್ ಪಟ್ಟಿ ಇದೆ. ರಟ್ಟಿನಲ್ಲಿ ತೂತು ತಪ್ಪಿದರೆ ಮಗ್ಗವನ್ನು ಬೈದು ಪ್ರಯೋಜನವಿಲ್ಲವಲ್ಲ?

ಆಫ್‌ಸೆಟ್ ಯಂತ್ರದಲ್ಲಿ ಈ ಕೆಲಸ ಆಗದು. ಒಂದು ಪ್ಲೇಟ್ ಮಾಡಿದರೆ ಸಾವಿರ ಪ್ರತಿಯೂ ಒಂದೇ ಥರ ಬರುತ್ತದೆ. ಹಾಗಾಗಿ ಅನೇಕ ಸಣ್ಣ ಪ್ರೆಸ್‌ಗಳು ಬಣ್ಣದ ಭಾಗವನ್ನು ಆಫ್‌ಸೆಟ್‌ನಲ್ಲಿ ಮುಗಿಸಿ, ಹೆಸರನ್ನಷ್ಟೇ ಲೇಸರ್ ಪ್ರಿಂಟರ್‌ನಲ್ಲಿ ಮೇಲೆ ಒತ್ತುತ್ತವೆ. ಸಾಫ್ಟ್‌ವೇರ್ ಇಲ್ಲವೇ ಅಂದರೆ, ಇದೆ. ಕೋರೆಲ್‌ಡ್ರಾದಲ್ಲಿ 'ಪ್ರಿಂಟ್ ಮರ್ಜ್', ಇನ್‌ಡಿಸೈನ್‌ನಲ್ಲಿ 'ಡೇಟಾ ಮರ್ಜ್' ಸೇರಿಯೇ ಬರುತ್ತವೆ. ದೊಡ್ಡ ಕೆಲಸಗಳಿಗೆ ಪಿಡಿಎಫ್/ವಿಟಿ ಎಂಬ ಮಾದರಿಯನ್ನು ಐಎಸ್ಒ 2010ರಲ್ಲೇ ರೂಪಿಸಿದೆ. ಅದರಲ್ಲಿ ಹಿನ್ನೆಲೆ ಚಿತ್ರವನ್ನು ಪ್ರತಿ ಪುಟಕ್ಕೂ ಹೊಸದಾಗಿ ಸಿದ್ಧಪಡಿಸಬೇಕಿಲ್ಲ, ಬದಲಾಗುವ ಭಾಗವನ್ನಷ್ಟೇ ನೋಡಿಕೊಂಡರೆ ಸಾಕು. ಯಂತ್ರದ ಕಡೆಯಿಂದ ಕೆಲಸ ಸುಲಭ. ಕಷ್ಟ ಶುರುವಾಗುವುದು ಕನ್ನಡದ ಪಟ್ಟಿ ಬಂದಾಗ.

ಒಂದೇ 'ಕ', ಎರಡು ಲೆಕ್ಕ

ನೀವು ಮೊಬೈಲಿನಲ್ಲಿ ಟೈಪ್ ಮಾಡುವ ಕನ್ನಡ ಯೂನಿಕೋಡ್. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಜಾಗವಿತ್ತು. ಅಲ್ಲಿ 'ಕ'ಗೆ ಒಂದು ಸಂಖ್ಯೆ, ಜಗತ್ತಿನ ಯಾವ ಫೋನಿನಲ್ಲಾದರೂ ಅದೇ ಸಂಖ್ಯೆ. ಪ್ರೆಸ್‌ಗಳ ಕನ್ನಡ ಬೆಳೆದ ದಾರಿಯೇ ಬೇರೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಲಾಗಿತ್ತು. ಕಣ್ಣಿಗೆ ಕನ್ನಡ, ಒಳಗೆ ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿತ್ರವಿಚಿತ್ರ ಗುರುತುಗಳು. ಅದರಲ್ಲೂ ಶ್ರೀಲಿಪಿಯ ಜೋಡಣೆ ನುಡಿಯದಕ್ಕಿಂತ ಬೇರೆ. ಆ ಕಾಲಕ್ಕೆ ಅದು ಜಾಣತನದ ಪರಿಹಾರವೇ ಆಗಿತ್ತು. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಗೊತ್ತಿರಲಿಲ್ಲ, ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ.

ಈಗ ಶಾಲೆಯವರು ವಾಟ್ಸ್ಯಾಪಿನಲ್ಲಿ ಹೆಸರಿನ ಪಟ್ಟಿ ಕಳಿಸುತ್ತಾರೆ. ಅದು ಯೂನಿಕೋಡ್. ಪ್ರೆಸ್‌ನಲ್ಲಿರುವ ಕಾರ್ಡಿನ ವಿನ್ಯಾಸ ಹಳೆಯ ನುಡಿ ಫಾಂಟಿನದು. ಎರಡನ್ನೂ ಸೇರಿಸಬೇಕೆಂದರೆ ನಡುವೆ ಪರಿವರ್ತಕ ಬೇಕು. ಅದು ಮುಗ್ಗರಿಸುವುದು ಅರ್ಕಾವತ್ತಿನಲ್ಲಿ. 'ಪಾರ್ವತಿ' ಎಂಬ ಹೆಸರಿನಲ್ಲಿ ಯೂನಿಕೋಡ್ ಉಚ್ಚಾರದ ಕ್ರಮ ಹಿಡಿಯುತ್ತದೆ: ಮೊದಲು 'ರ್', ಆಮೇಲೆ 'ವ'. ಹಳೆಯ ಫಾಂಟ್ ಕಣ್ಣಿಗೆ ಕಾಣುವ ಕ್ರಮ ಹಿಡಿಯುತ್ತದೆ: ಮೊದಲು 'ವ', ಆಮೇಲೆ ಅರ್ಕಾವತ್ತು. ಪರಿವರ್ತಕ ಇದನ್ನು ತಿರುಗಿಸದಿದ್ದರೆ ಪಾರ್ವತಿ, ಕೀರ್ತಿ, ಅರ್ಜುನ ಎಲ್ಲರ ಹೆಸರೂ ಕೆಡುತ್ತದೆ.

ಕಾರ್ಡು ಹೇಗೆ ಕೆಟ್ಟಿದೆ ಎಂದು ನೋಡಿದರೆ ಕಾರಣ ಊಹಿಸಬಹುದು. ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಬಂದಿದ್ದರೆ ಆ ಫಾಂಟಿನಲ್ಲಿ ಯೂನಿಕೋಡ್ ಕನ್ನಡ ಇಲ್ಲ ಎಂದರ್ಥ. ಪಟ್ಟಿ ಸುರಕ್ಷಿತವಾಗಿದೆ, ಫಾಂಟ್ ಬದಲಿಸಿದರೆ ಸಾಕು. ಒತ್ತಕ್ಷರಗಳು ಬಿಡಿಬಿಡಿಯಾಗಿ 'ಪಾರ್‌ವತಿ' ಎಂದು ಬಂದಿದ್ದರೆ ಸಾಫ್ಟ್‌ವೇರ್‌ಗೆ ಅಕ್ಷರ ಕೂಡಿಸಲು ಬಂದಿಲ್ಲ. ಇನ್‌ಡಿಸೈನ್‌ನಲ್ಲಾದರೆ ಭಾರತೀಯ ಭಾಷೆಗಳಿಗಿರುವ ಬೇರೆ ಕಂಪೋಸರ್ ಆರಿಸಿಕೊಳ್ಳಬೇಕು. ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಬಂದಿದ್ದರೆ ಮಾತ್ರ ಕಷ್ಟ. ಎಕ್ಸೆಲ್ ಪಟ್ಟಿಯನ್ನು ಸಾಮಾನ್ಯ ಸಿಎಸ್‌ವಿ ಆಗಿ ಉಳಿಸಿದ ಗಳಿಗೆಯಲ್ಲೇ ಕನ್ನಡ ಅಳಿಸಿಹೋಗಿರುತ್ತದೆ. ಆ ಕಡತದಿಂದ ಅದನ್ನು ಮತ್ತೆ ಹೊರತೆಗೆಯಲಾಗದು, ಮೂಲ ಪಟ್ಟಿಯನ್ನೇ 'ಯುಟಿಎಫ್-8' ಎಂದಿರುವ ಸಿಎಸ್‌ವಿ ಅಥವಾ ಯೂನಿಕೋಡ್ ಪಠ್ಯವಾಗಿ ಮತ್ತೆ ಉಳಿಸಬೇಕು.

ಹಾಗಾದರೆ ಪ್ರೆಸ್‌ನವರು ಪೂರ್ತಿ ಯೂನಿಕೋಡ್‌ಗೆ ಬರಬಾರದೇ? ನುಡಿಯೂ ಈಗ ಯೂನಿಕೋಡ್ ಬರೆಯುತ್ತದೆ, ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮದಂಥ ಉಚಿತ ಫಾಂಟ್‌ಗಳಿವೆ. ಆದರೆ ಅಂಗಡಿಯ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಕೂಡಿಟ್ಟ ಲಗ್ನಪತ್ರಿಕೆಯ ವಿನ್ಯಾಸಗಳೆಲ್ಲ ಹಳೆಯ ಫಾಂಟಿನಲ್ಲಿವೆ. ಮದುವೆ ಸೀಸನ್ ಬಂದರೆ ಡಿಟಿಪಿ ಆಪರೇಟರಿಗೆ ಊಟಕ್ಕೇ ಪುರುಸೊತ್ತಿಲ್ಲ, ಇನ್ನು ಹೊಸ ಪದ್ಧತಿ ಕಲಿಯುವುದು ಯಾವಾಗ? ಇದನ್ನು ಸೋಮಾರಿತನ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಕಲ್ಲಪ್ಪನ ವಿಷಯ. ಇಲ್ಲಿ ಫಾಂಟಿನ ತಪ್ಪೇ ಇಲ್ಲ. ಅನೇಕ ಕಡೆ ಪಟ್ಟಿ ಇರುವುದು ಇಂಗ್ಲಿಷಿನಲ್ಲಿ, ಕಾರ್ಡು ಬೇಕಿರುವುದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ 'ಲ' ಮತ್ತು 'ಳ'ಕ್ಕೆ, 'ನ' ಮತ್ತು 'ಣ'ಕ್ಕೆ ಬೇರೆ ಬೇರೆ ಅಕ್ಷರವಿಲ್ಲ. ಲಿಪ್ಯಂತರ ಮಾಡುವ ತಂತ್ರಾಂಶ ಕಲ್ಲಪ್ಪನನ್ನು ಕಳ್ಳಪ್ಪ ಮಾಡಬಹುದು, ಹಳ್ಳಿಯನ್ನು ಹಲ್ಲಿ ಮಾಡಬಹುದು. ನಮ್ಮ ಕಡೆಯ 'ಪಾಟೀಲ'ರಿಗೆ ಕೊನೆಯಲ್ಲಿ ಅರ್ಧಾಕ್ಷರ ಹಾಕಿ 'ಪಾಟೀಲ್' ಮಾಡುವುದಂತೂ ಮಾಮೂಲು. ಮನೆಯವರಿಗೆ ಇದು ನಗುವ ವಿಷಯವಲ್ಲ. ಒಂದು ಕಾರ್ಡಿನ ತಪ್ಪು ಹೆಸರನ್ನು ನೋಡಿ ಇನ್ನೊಂದು ದಾಖಲೆ ಬರೆದರೆ, ಅದನ್ನು ತಿದ್ದಿಸಲು ಕೆಲಸ ಬಿಟ್ಟು ಕಚೇರಿ ಅಲೆಯಬೇಕಾಗುತ್ತದೆ.

ಎಕ್ಸೆಲ್‌ನದೂ ಒಂದಷ್ಟು ಕಿತಾಪತಿ ಇದೆ. ಅದು ಸಂಖ್ಯೆಯಲ್ಲಿ 15 ಅಂಕೆಗಳನ್ನಷ್ಟೇ ನೆನಪಿಡುತ್ತದೆ. 16 ಅಂಕೆಯ ಖಾತೆ ಸಂಖ್ಯೆ ಹಾಕಿದರೆ ಕೊನೆಯದು ಸೊನ್ನೆಯಾಗುತ್ತದೆ. ಮೊದಲಲ್ಲಿ ಸೊನ್ನೆ ಇದ್ದರೆ ಅದು ಮಾಯ. ಮನೆ ನಂಬರ್ 3-4 ಎಂದು ಬರೆದರೆ ತಾರೀಖು ಎಂದು ತಿಳಿದುಕೊಳ್ಳುತ್ತದೆ. ಆ ಕಾಲಮ್ಮನ್ನು ಮೊದಲೇ 'ಟೆಕ್ಸ್ಟ್' ಎಂದು ಬದಲಿಸಿಕೊಂಡರೆ ಇದಾವುದೂ ಆಗುವುದಿಲ್ಲ. ಎಲ್ಲಕ್ಕಿಂತ ಅಪಾಯಕಾರಿ ತಪ್ಪು ಬೇರೆ: ಹೆಸರಿನ ಕಾಲಮ್ಮನ್ನು ಮಾತ್ರ ಅಕಾರಾದಿಯಾಗಿ ಜೋಡಿಸಿ ಫೋಟೋ ನಂಬರಿನ ಕಾಲಮ್ಮನ್ನು ಹಾಗೇ ಬಿಡುವುದು. ಆಗ ಎಲ್ಲ ಅಕ್ಷರವೂ ಶುದ್ಧ, ಆದರೆ ಒಬ್ಬರ ಹೆಸರಿಗೆ ಇನ್ನೊಬ್ಬರ ಮುಖ. ಪ್ರೂಫ್ ನೋಡುವವರಿಗೆ ಮಕ್ಕಳ ಪರಿಚಯವಿಲ್ಲದಿದ್ದರೆ ಇದು ಗೊತ್ತೇ ಆಗುವುದಿಲ್ಲ.

ಕೆಲಸ ಮುಗಿದ ಮೇಲೆ ಆ ಪಟ್ಟಿ ಎಲ್ಲಿ ಹೋಗುತ್ತದೆ ಎಂದು ಕೇಳಿದ್ದೀರಾ? ಹೆಸರು, ವಿಳಾಸ, ಫೋನ್, ಒಮ್ಮೊಮ್ಮೆ ಆಧಾರ್ ಸಂಖ್ಯೆ ಕೂಡ ಅಂಗಡಿಯ ಕಂಪ್ಯೂಟರಿನಲ್ಲೋ ಯಾರದೋ ವಾಟ್ಸ್ಯಾಪಿನಲ್ಲೋ ಉಳಿದಿರುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂದಿದೆ, ಆದರೂ ಕೆಲಸ ಮುಗಿದ ಮೇಲೆ 'ಅದನ್ನು ಅಳಿಸಿಬಿಡ್ರಿ' ಎಂದು ನಾವೇ ಹೇಳುವುದು ಒಳ್ಳೆಯದು. ಇಂಥ ಪಟ್ಟಿ ಕೈಗೆ ಸಿಕ್ಕವರು ನಿಮ್ಮ ಹೆಸರನ್ನೇ ಚೆಂದಾಗಿ ಅಚ್ಚು ಮಾಡಿ 'ನಿಮಗೆ ಕಾರು ಬಹುಮಾನ ಬಂದಿದೆ' ಎಂಬ ಪತ್ರ ಕಳಿಸಬಹುದು. ಹೆಸರು ಅಚ್ಚಾಗಿದೆ ಎಂದಮಾತ್ರಕ್ಕೆ ಅದು ಅಸಲಿ ಅಲ್ಲ.

ಮುಂದಿನ ಸಲ ಪ್ರೆಸ್‌ಗೆ ಪಟ್ಟಿ ಕೊಡುವಾಗ ಕೈಬರಹದ ಫೋಟೋ ಕಳಿಸಬೇಡಿ, ಹೆಸರನ್ನು ಆಯಾ ಮನೆಯವರಿಂದಲೇ ಕನ್ನಡದಲ್ಲಿ ಟೈಪ್ ಮಾಡಿಸಿ ತರಿಸಿಕೊಳ್ಳಿ. ಪೂರ್ತಿ ಅಚ್ಚು ಮಾಡುವ ಮುನ್ನ ಮೂರು ಕಾರ್ಡುಗಳನ್ನು ಮಾತ್ರ ತೆಗೆಸಿ ನೋಡಿ: ಪಟ್ಟಿಯ ಅತಿ ಉದ್ದದ ಹೆಸರು, ಅರ್ಕಾವತ್ತು ಇರುವ ಒಂದು ಹೆಸರು, ಮತ್ತು ಕಟ್ಟಕಡೆಯ ಸಾಲಿನ ಹೆಸರು. ಉದ್ದದ್ದು ಚೌಕಟ್ಟು ಮೀರದೆ, ಅರ್ಕಾವತ್ತು ಸರಿ ಬಂದು, ಕೊನೆಯ ಹೆಸರಿನ ಎದುರು ಅವರದೇ ಫೋಟೋ ಇದ್ದರೆ ಉಳಿದವನ್ನು ಹಾಕಿಸಬಹುದು.