ಮಿಸ್ಟರ್ ಎಕ್ಸ್‌ನ ಗುಟ್ಟು ಕಾಯುವವರು ಯಾರು?

ಮಣೆಯ ಮೇಲೆ ಆಡುವ ಆಟಗಳಲ್ಲಿ ಬಹುಪಾಲು ಎಲ್ಲರ ಕಣ್ಣೆದುರಿಗೇ ನಡೆಯುವಂಥವು. ಪಗಡೆಯ ಕಾಯಿ ಯಾವ ಮನೆಗೆ ಬಂತು, ಆಡು-ಹುಲಿ ಆಟದಲ್ಲಿ ಹುಲಿ ಯಾವ ಗೆರೆಗಳ ಕೂಡಿನಲ್ಲಿ ಕೂತಿದೆ ಎಂಬುದನ್ನು ಪಕ್ಕದಲ್ಲಿ ನಿಂತು ನೋಡುವವರೂ ಹೇಳಬಲ್ಲರು. ಇವುಗಳ ನಡುವೆ ಬೇರೆಯೇ ಜಾತಿಯ ಒಂದು ಸಣ್ಣ ಗುಂಪಿದೆ; ಅದರಲ್ಲಿ ಒಬ್ಬ ಆಟಗಾರನ ಕಾಯಿ ಮಣೆಯ ಮೇಲೆ ಇರುವುದೇ ಇಲ್ಲ, ಅವನು ತನ್ನ ನಡೆಗಳನ್ನು ಗುಟ್ಟಾಗಿ ಬರೆದಿಟ್ಟುಕೊಳ್ಳುತ್ತಾ ಹೋಗುತ್ತಾನೆ, ಉಳಿದವರು ಅವನು ಬಿಟ್ಟುಹೋದ ಸುಳಿವುಗಳನ್ನು ಹಿಡಿದು ಅವನಿರುವ ಜಾಗವನ್ನು ಊಹಿಸಬೇಕಾಗುತ್ತದೆ. ಗುಪ್ತ ನಡೆಯ ಆಟಗಳೆಂದು ಕರೆಯಬಹುದಾದ ಇವು ಕಳೆದ ಕೆಲವು ದಶಕಗಳಲ್ಲಿ ಕಂಪ್ಯೂಟರಿಗೂ ಮೊಬೈಲಿಗೂ ಬಂದಿವೆ. ಹಾಗೆ ಬಂದಾಗ ಆಟದ ಒಳಗೆ ಏನು ಬದಲಾಗುತ್ತದೆ ಎಂಬುದು ತೋರಿಕೆಗಿಂತ ಆಳವಾದ ಪ್ರಶ್ನೆ, ಏಕೆಂದರೆ ಈ ಆಟಗಳ ಜೀವವಿರುವುದು ಯಾರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬುದರಲ್ಲಿ.

ಈ ಗುಂಪಿನಲ್ಲಿ ಹೆಚ್ಚು ಜನಕ್ಕೆ ಪರಿಚಯವಿರುವುದು ಸ್ಕಾಟ್ಲೆಂಡ್ ಯಾರ್ಡ್. ಜರ್ಮನಿಯ ರಾವೆನ್ಸ್‌ಬುರ್ಗರ್ ಸಂಸ್ಥೆ 1983ರಲ್ಲಿ ಹೊರತಂದ ಈ ಆಟ ಅದೇ ವರ್ಷ ಆ ದೇಶದ ‘ವರ್ಷದ ಆಟ’ ಪ್ರಶಸ್ತಿಯನ್ನು ಪಡೆಯಿತು. ಮಣೆಯೆಂದರೆ ಲಂಡನ್ ನಗರದ ನಕ್ಷೆ, ಅದರ ಮೇಲೆ 1ರಿಂದ 199ರವರೆಗೆ ಅಂಕೆ ಹಾಕಿದ ನಿಲ್ದಾಣಗಳು, ಅವನ್ನು ಜೋಡಿಸುವ ಟ್ಯಾಕ್ಸಿ, ಬಸ್ಸು ಮತ್ತು ನೆಲದಡಿಯ ರೈಲಿನ ದಾರಿಗಳು. ಒಬ್ಬ ಆಟಗಾರ ತಲೆಮರೆಸಿಕೊಂಡ ಮಿಸ್ಟರ್ ಎಕ್ಸ್ ಆಗುತ್ತಾನೆ, ಉಳಿದವರು ಪತ್ತೇದಾರರಾಗುತ್ತಾರೆ. ಮಿಸ್ಟರ್ ಎಕ್ಸ್ ತಾನು ಸೇರಿದ ನಿಲ್ದಾಣದ ಅಂಕೆಯನ್ನು ಪಟ್ಟಿಯೊಂದರಲ್ಲಿ ಬರೆದು, ಅಲ್ಲಿಗೆ ಹೋಗಲು ಬಳಸಿದ ಟಿಕೆಟ್ಟನ್ನೇ ಆ ಅಂಕೆಯ ಮೇಲೆ ಮುಚ್ಚಿಡುತ್ತಾನೆ. ಆದ್ದರಿಂದ ಅವನು ಹೇಗೆ ಹೋದ ಎಂಬುದು ಎಲ್ಲರಿಗೂ ಕಾಣುತ್ತದೆ, ಎಲ್ಲಿಗೆ ಹೋದ ಎಂಬುದು ಕಾಣುವುದಿಲ್ಲ. 3, 8, 13, 18 ಮತ್ತು 24ನೆಯ ನಡೆಗಳಲ್ಲಿ ಮಾತ್ರ ಅವನು ತನ್ನ ಜಾಗವನ್ನು ತೋರಿಸಬೇಕು. ಪತ್ತೇದಾರರು ಖರ್ಚು ಮಾಡಿದ ಟಿಕೆಟ್ಟುಗಳು ಅವನ ಕೈಗೇ ಸೇರುತ್ತವೆ ಎಂಬ ನಿಯಮ ಈ ಆಟದ ಜಾಣತನಕ್ಕೆ ಒಳ್ಳೆಯ ಸಾಕ್ಷಿ: ಅಟ್ಟಿಸಿಕೊಂಡು ಹೋಗುವವರೇ ಓಡುವವನಿಗೆ ದಾರಿಖರ್ಚು ಕೊಡುತ್ತಾರೆ.

ಪತ್ತೇದಾರರ ಊಹೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ಸನ್ನಿವೇಶದಲ್ಲಿ ಹತ್ತಿರದಿಂದ ನೋಡಬಹುದು. ಮೂರನೆಯ ನಡೆಯಲ್ಲಿ ಮಿಸ್ಟರ್ ಎಕ್ಸ್ 67ನೆಯ ನಿಲ್ದಾಣದಲ್ಲಿ ಕಾಣಿಸಿಕೊಂಡು, ನಾಲ್ಕನೆಯ ನಡೆಗೆ ನೆಲದಡಿಯ ರೈಲಿನ ಟಿಕೆಟ್ಟು ಇಟ್ಟನೆಂದುಕೊಳ್ಳೋಣ. ಅಲ್ಲಿಂದ ಆ ರೈಲು ಹೋಗುವುದು 13, 79, 89 ಮತ್ತು 111ಕ್ಕೆ, ಹಾಗಾಗಿ ಅವನು ಈ ನಾಲ್ಕರಲ್ಲಿ ಎಲ್ಲೋ ಒಂದು ಕಡೆ ಇರಲೇಬೇಕು. ಐದನೆಯ ನಡೆಗೂ ಅವನು ರೈಲನ್ನೇ ಹಿಡಿದರೆ ಸಾಧ್ಯತೆಗಳು ನಾಲ್ಕರಿಂದ ಹನ್ನೊಂದಕ್ಕೆ ಏರುತ್ತವೆ, ಮತ್ತು ಆ ಹನ್ನೊಂದರಲ್ಲಿ ಅವನು ಹೊರಟುಬಂದ 67 ಕೂಡ ಒಂದು, ಏಕೆಂದರೆ ತಿರುಗಿ ಬರಬಾರದೆಂಬ ನಿಯಮವೇನೂ ಇಲ್ಲ. ಪತ್ತೇದಾರನೊಬ್ಬ 79ರಲ್ಲಿ ನಿಂತಿದ್ದರೆ ಆ ಒಂದು ಅಂಕೆ ಪಟ್ಟಿಯಿಂದ ಬಿದ್ದುಹೋಗುತ್ತದೆ, ಅದರ ಜೊತೆಗೆ ಅಲ್ಲಿಂದ ಮಾತ್ರ ತಲುಪಬಹುದಾದ 93 ಕೂಡ ಬೀಳುತ್ತದೆ. ಮಿಸ್ಟರ್ ಎಕ್ಸ್ ಯಾವ ವಾಹನವನ್ನೂ ಹೆಸರಿಸದ ಕಪ್ಪು ಟಿಕೆಟ್ಟನ್ನು ಇಟ್ಟುಬಿಟ್ಟರೆ ಮಾತ್ರ, ಅಲ್ಲಿಯವರೆಗೆ ಜೋಪಾನವಾಗಿ ಕಟ್ಟಿದ ಪಟ್ಟಿ ಒಮ್ಮೆಗೇ ಹರಡಿಹೋಗುತ್ತದೆ. ಥೇಮ್ಸ್ ನದಿಯ ದೋಣಿದಾರಿಯೂ ಆ ಟಿಕೆಟ್ಟಿಗೆ ತೆರೆದಿರುತ್ತದೆ. ಹೀಗೆ ಹಿಗ್ಗುತ್ತಾ ಕುಗ್ಗುತ್ತಾ ಇರುವ ಈ ಪಟ್ಟಿಯನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದೇ ಪತ್ತೇದಾರರ ನಿಜವಾದ ಆಟ.

ಕಾಗದದ ಮೇಲಿನ ಈ ವ್ಯವಸ್ಥೆಗೆ ಒಂದು ದೊಡ್ಡ ದೌರ್ಬಲ್ಯವಿದೆ. ಗುಟ್ಟನ್ನು ಕಾಯುವವನು ಆಟಗಾರನೇ ಆದ್ದರಿಂದ ಅವನು ತಪ್ಪಿದರೆ ತಿದ್ದುವವರು ಯಾರೂ ಇರುವುದಿಲ್ಲ. ಅಂಕೆ ಬರೆಯುವಾಗ ಕಣ್ಣು ತಪ್ಪಿ ದಾರಿಯೇ ಇಲ್ಲದ ನಿಲ್ದಾಣಕ್ಕೆ ಹಾರಿದ್ದರೆ, ಅದು ಬೆಳಕಿಗೆ ಬರುವುದು ಎಷ್ಟೋ ನಡೆಗಳ ನಂತರ, ಅಷ್ಟರಲ್ಲಿ ಎಲ್ಲರ ತರ್ಕವೂ ಸುಳ್ಳು ನೆಲದ ಮೇಲೆ ಕಟ್ಟಿದ್ದಾಗಿರುತ್ತದೆ. 1987ರಲ್ಲಿ ಗೇಮ್ಸ್ ವರ್ಕ್‌ಶಾಪ್ ಪ್ರಕಟಿಸಿದ ಫ್ಯೂರಿ ಆಫ್ ಡ್ರಾಕುಲಾ ಆಟದಲ್ಲಿ ಈ ಹೊರೆ ಇನ್ನೂ ಹೆಚ್ಚು. ಬ್ರಾಮ್ ಸ್ಟೋಕರ್‌ನ ಕಾದಂಬರಿಯ ಪಾತ್ರಗಳು ಯುರೋಪಿನ ನಕ್ಷೆಯ ಮೇಲೆ ಡ್ರಾಕುಲಾನನ್ನು ಹುಡುಕುವ ಈ ಆಟದ ಈಚಿನ ಆವೃತ್ತಿಗಳಲ್ಲಿ ಅವನ ಇತ್ತೀಚಿನ ಊರುಗಳ ಕಾರ್ಡುಗಳು ಮಗುಚಿಟ್ಟ ಒಂದು ಸಾಲಾಗಿ ಹಿಂದೆ ಹಿಂದೆ ಸರಿಯುತ್ತಾ ಹೋಗುತ್ತವೆ. ಬೇಟೆಗಾರರು ಯಾವುದೇ ಊರಿಗೆ ಕಾಲಿಟ್ಟಾಗ ಅದು ಆ ಸಾಲಿನಲ್ಲಿದೆಯೇ ಎಂದು ಡ್ರಾಕುಲಾ ಆಡುವವನು ನೆನಪಿಟ್ಟು ಹೇಳಬೇಕು. ಒಂದು ಸಲ ಮರೆತರೆ ಸಾಕು, ಎರಡು ಗಂಟೆಗಳ ಹುಡುಕಾಟ ವ್ಯರ್ಥವಾಗುತ್ತದೆ.

ಹಿಂದಿನವರು ಈ ತೊಂದರೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸಿದ್ದರು. ಪ್ರಷ್ಯಾದ ಸೇನೆಯ ಅಧಿಕಾರಿಗಳ ತರಬೇತಿಗೆಂದು 1824ರಲ್ಲಿ ರೈಸ್‌ವಿಟ್ಸ್ ರೂಪಿಸಿದ ಯುದ್ಧದಾಟದಲ್ಲಿ ಎರಡೂ ಪಕ್ಷಗಳ ಆಜ್ಞೆಗಳು ನಡುವೆ ಕುಳಿತ ಒಬ್ಬ ತೀರ್ಪುಗಾರನಿಗೆ ಹೋಗುತ್ತಿದ್ದವು, ಮತ್ತು ಯಾರಿಗೆ ಎಷ್ಟು ಕಾಣಬೇಕೆಂಬುದನ್ನು ಅವನೇ ನಿರ್ಧರಿಸುತ್ತಿದ್ದ. ಆ ಯುದ್ಧದಾಟದ ಜರ್ಮನ್ ಹೆಸರನ್ನೇ ಹೊತ್ತು 1899ರಲ್ಲಿ ಇಂಗ್ಲೆಂಡಿನ ಹೆನ್ರಿ ಮೈಕೆಲ್ ಟೆಂಪಲ್ ರೂಪಿಸಿದ ಕ್ರೀಗ್‌ಸ್ಪೀಲ್ ಎಂಬ ಚದುರಂಗದಲ್ಲಿ ಮೂರು ಮಣೆಗಳಿರುತ್ತವೆ. ಇಬ್ಬರು ಆಟಗಾರರಿಗೆ ತಮ್ಮ ತಮ್ಮ ಕಾಯಿಗಳು ಮಾತ್ರ ಕಾಣುತ್ತವೆ, ನಿಜವಾದ ಸ್ಥಿತಿ ತೀರ್ಪುಗಾರನ ಮಣೆಯ ಮೇಲಷ್ಟೇ ಇರುತ್ತದೆ. ಗುಟ್ಟು ಕೆಡದಂತೆ ನೋಡಿಕೊಳ್ಳಲು ಇದಕ್ಕಿಂತ ಭದ್ರವಾದ ಉಪಾಯವಿಲ್ಲ, ಆದರೆ ಮನೆಯಲ್ಲಿ ನಾಲ್ಕು ಜನ ಆಡಲು ಕೂತಾಗ ಒಬ್ಬ ಆಡದೆ ತೀರ್ಪುಗಾರನಾಗಿ ಕೂರಲು ಒಪ್ಪುವುದು ಕಷ್ಟ. 1980ರ ದಶಕದ ಮಣೆಯಾಟಗಳು ತೀರ್ಪುಗಾರನನ್ನು ಕೈಬಿಟ್ಟು ಗುಟ್ಟನ್ನು ಆಟಗಾರನ ಕೈಗೇ ಒಪ್ಪಿಸಿದ್ದು ಈ ಕಾರಣಕ್ಕೆ. ಕಂಪ್ಯೂಟರ್ ಮಾಡಿದ್ದೆಂದರೆ ಆ ತೀರ್ಪುಗಾರನನ್ನು, ಬೇಸರವಿಲ್ಲದ, ಮರೆವಿಲ್ಲದ ರೂಪದಲ್ಲಿ ಮರಳಿ ಕರೆತಂದದ್ದು.

ಸ್ಕಾಟ್ಲೆಂಡ್ ಯಾರ್ಡ್ 1990ರಲ್ಲೇ ಜಪಾನಿನಲ್ಲಿ ಗೇಮ್ ಬಾಯ್ ಎಂಬ ಅಂಗೈ ಯಂತ್ರಕ್ಕೆ ಬಂತು, ಮುಂದೆ ನಿಂಟೆಂಡೊ ಡಿಎಸ್‌ಗೂ ಮೊಬೈಲ್ ಫೋನುಗಳಿಗೂ ಬಂತು. ಡ್ರಾಕುಲಾ ಆಟವನ್ನು ನೋಮ್ಯಾಡ್ ಗೇಮ್ಸ್ 2020ರಲ್ಲಿ ಡಿಜಿಟಲ್ ರೂಪಕ್ಕೆ ತಂದಿತು. ಇಂಥ ರೂಪಾಂತರಗಳಲ್ಲಿ ಇಲ್ಲದ ದಾರಿಯಲ್ಲಿ ಹೋಗಲು ಯಂತ್ರವೇ ಬಿಡುವುದಿಲ್ಲ, ಆದ್ದರಿಂದ ಕಾಗದದ ಮೇಲಾಗುವಂಥ ತಪ್ಪು ಇಲ್ಲಿ ಹುಟ್ಟುವುದೇ ಇಲ್ಲ. ಆದರೆ ಹೊಸ ಬಗೆಯ ಎಚ್ಚರಿಕೆ ಬೇಕಾಗುತ್ತದೆ. ದೂರದೂರದ ಊರುಗಳಲ್ಲಿರುವ ಆಟಗಾರರು ಅಂತರ್ಜಾಲದ ಮೂಲಕ ಆಡುವಾಗ, ಆಟದ ಪೂರ್ಣ ಸ್ಥಿತಿಯನ್ನು ಎಲ್ಲರ ಫೋನಿಗೂ ಕಳಿಸಿ ಪರದೆಯ ಮೇಲೆ ಮಾತ್ರ ಮರೆಮಾಡಿದರೆ, ಫೋನಿನ ಒಳಹೊಕ್ಕು ನೋಡಬಲ್ಲವನಿಗೆ ಓಡುವವನ ಜಾಗ ಸಿಕ್ಕಿಬಿಡುತ್ತದೆ. ಸರಿಯಾದ ವಿಧಾನವೆಂದರೆ ಗುಟ್ಟು ನಡುವಿನ ಸರ್ವರ್‌ನಲ್ಲೇ, ಅಂದರೆ ಎಲ್ಲ ಫೋನುಗಳಿಗೂ ಮಾಹಿತಿ ಹಂಚುವ ಕೇಂದ್ರ ಕಂಪ್ಯೂಟರಿನಲ್ಲೇ ಉಳಿದು, ಪ್ರತಿಯೊಬ್ಬರಿಗೂ ಅವರಿಗೆ ತಿಳಿಯಬೇಕಾದಷ್ಟು ಮಾತ್ರ ಹೋಗುವುದು. ರೈಸ್‌ವಿಟ್ಸ್‌ನ ತೀರ್ಪುಗಾರ ಮಾಡುತ್ತಿದ್ದುದೂ ಇದನ್ನೇ.

ಲಾಭದ ಜೊತೆಗೆ ನಷ್ಟವೂ ಇದೆ. ಸ್ಕಾಟ್ಲೆಂಡ್ ಯಾರ್ಡ್‌ನ ಪೆಟ್ಟಿಗೆಯಲ್ಲಿ ಮಿಸ್ಟರ್ ಎಕ್ಸ್‌ಗೆಂದೇ ಕಣ್ಣುಮರೆಯ ಟೋಪಿಯೊಂದು ಬರುತ್ತಿತ್ತು, ಏಕೆಂದರೆ ಮಣೆಯ ಯಾವ ಮೂಲೆಯನ್ನು ಅವನು ಮತ್ತೆ ಮತ್ತೆ ನೋಡುತ್ತಾನೆ ಎಂಬುದೇ ಪತ್ತೇದಾರರಿಗೆ ಸುಳಿವಾಗಿಬಿಡುತ್ತದೆ. ಮುಖ ನೋಡಿ ಮನಸ್ಸು ಓದುವ ಈ ಭಾಗ ಪರದೆಯ ಆಟದಲ್ಲಿ ಉಳಿಯುವುದಿಲ್ಲ. ಪತ್ತೇದಾರರು ಓಡುವವನ ಕಿವಿಗೆ ಬೀಳುವಂತೆಯೇ ಸಂಚು ಮಾಡಬೇಕಾದ ಪೇಚು, ಅವನು ನಗು ತಡೆದುಕೊಂಡು ಕೂರುವ ಕಷ್ಟ, ಇವೂ ಹೋಗುತ್ತವೆ. ಇದಕ್ಕಿಂತ ಗಂಭೀರವಾದ ನಷ್ಟ ಯಂತ್ರದ ಅತಿಯಾದ ಉಪಕಾರದಿಂದ ಆಗುವಂಥದ್ದು. ಮಿಸ್ಟರ್ ಎಕ್ಸ್ ಇರಬಹುದಾದ ಹನ್ನೊಂದು ನಿಲ್ದಾಣಗಳನ್ನೂ ಕ್ಷಣದಲ್ಲಿ ಲೆಕ್ಕ ಹಾಕಿ ಬಣ್ಣ ಬಳಿದು ತೋರಿಸುವುದು ಯಂತ್ರಕ್ಕೆ ಬಹಳ ಸುಲಭ, ಆದರೆ ಹಾಗೆ ತೋರಿಸಿದ ಕ್ಷಣ ಪತ್ತೇದಾರನಿಗೆ ಪತ್ತೆ ಮಾಡುವ ಕೆಲಸವೇ ಉಳಿಯುವುದಿಲ್ಲ. ಹೊಸಬರಿಗೆ ಕಲಿಸಲು ಅಂಥ ಸಹಾಯ ಇರಲಿ. ಆಟ ಕಲಿತವರಿಗೆ ಅದನ್ನು ಆರಿಸಿಡುವ ಗುಂಡಿ ಇರಲೇಬೇಕು. ಬಣ್ಣದ ಬದಲು ಪತ್ತೇದಾರರು ತಾವೇ ನಕ್ಷೆಯ ಮೇಲೆ ಗುರುತು ಹಾಕಿ ಅಳಿಸಲು ಒಂದು ಪೆನ್ಸಿಲ್ ಕೊಡುವ ರೂಪಾಂತರವೇ ಈ ಆಟಗಳ ಗುಣಕ್ಕೆ ಹೆಚ್ಚು ಒಗ್ಗುತ್ತದೆ.

ಎದುರಾಳಿ ಮನುಷ್ಯನಲ್ಲದೆ ಯಂತ್ರವೇ ಆದಾಗ ಇನ್ನೊಂದು ಸಮಸ್ಯೆ ಏಳುತ್ತದೆ. ಗುಟ್ಟು ಕಾಯುವ ಯಂತ್ರದೊಳಗೇ ಪತ್ತೇದಾರ ಯಂತ್ರವೂ ಇರುವುದರಿಂದ, ಅದು ಉತ್ತರವನ್ನು ಇಣುಕಿ ನೋಡದೆ ಆಡುವಂತೆ ಕಟ್ಟಬೇಕು. ಇಣುಕದೆ ಚೆನ್ನಾಗಿ ಆಡುವುದು ಎಷ್ಟು ಕಠಿಣವೆಂಬುದನ್ನು ಸಂಶೋಧಕರು ಬಹಳ ಕಾಲ ಪರಿಶೀಲಿಸಿದ್ದಾರೆ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ನೈಸೆನ್ ಮತ್ತು ವಿನಾಂಡ್ಸ್, ಮುಂದಿನ ನಡೆಗಳನ್ನು ಸಾವಿರಾರು ಸಲ ಯಾದೃಚ್ಛಿಕವಾಗಿ ಆಡಿನೋಡಿ ಒಳ್ಳೆಯದನ್ನು ಆರಿಸುವ ಮಾಂಟೆ ಕಾರ್ಲೊ ವಿಧಾನವನ್ನು ಸ್ಕಾಟ್ಲೆಂಡ್ ಯಾರ್ಡ್‌ಗೆ ಅಳವಡಿಸಿದರು. ಮಿಸ್ಟರ್ ಎಕ್ಸ್ ಇರಬಹುದಾದ ಎಲ್ಲ ಜಾಗಗಳೂ ಸಮಾನ ಸಂಭವದವಲ್ಲ, ಪತ್ತೇದಾರರಿಂದ ಎಷ್ಟು ದೂರವಿದೆ ಎಂಬಂಥ ಗುಣಗಳನ್ನು ನೋಡಿ ತೂಗಬೇಕು ಎಂಬುದು ಅವರ ಮುಖ್ಯ ಹೊಳಹು, ಮತ್ತು ಅವರ ಪ್ರೋಗ್ರಾಂ ನಿಂಟೆಂಡೊ ಡಿಎಸ್‌ನ ಆಟವನ್ನು ಮೀರಿಸಿತು. ಕೃತಕ ಬುದ್ಧಿಮತ್ತೆಯ ಸಂಸ್ಥೆಯಾದ ಡೀಪ್‌ಮೈಂಡ್‌ನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ‘ಸ್ಟೂಡೆಂಟ್ ಆಫ್ ಗೇಮ್ಸ್’ ಎಂಬ ಪ್ರೋಗ್ರಾಂ ಚದುರಂಗ, ಗೋ, ಪೋಕರ್ ಮತ್ತು ಸ್ಕಾಟ್ಲೆಂಡ್ ಯಾರ್ಡ್ ನಾಲ್ಕನ್ನೂ ಒಂದೇ ವಿಧಾನದಿಂದ ಕಲಿತು, ಕೊನೆಯದರಲ್ಲಿ ಅಲ್ಲಿಯವರೆಗಿನ ಅತ್ಯುತ್ತಮ ಪ್ರೋಗ್ರಾಮನ್ನು ಸೋಲಿಸಿತು. ಮನೆಮಂದಿ ಆಡುವ ಆಟವೊಂದು ಚದುರಂಗದ ಪಕ್ಕದಲ್ಲಿ ಪರೀಕ್ಷಾವಸ್ತುವಾಗಿ ಕೂತದ್ದು ಸಲ್ಲಬೇಕಾದ ಮನ್ನಣೆಯೇ, ಏಕೆಂದರೆ ಕಾಣದ ಎದುರಾಳಿಯ ಬಗ್ಗೆ ತರ್ಕಿಸುವ ಕೆಲಸವನ್ನು ಚದುರಂಗ ಯಾರಿಂದಲೂ ಕೇಳುವುದಿಲ್ಲ.

ಈ ಆಟಗಳಲ್ಲಿ ಗೆಲುವು-ಸೋಲು ತೀರ್ಮಾನವಾದ ಮೇಲೂ ಒಂದು ಘಟ್ಟ ಉಳಿದಿರುತ್ತದೆ. ಕಾಗದದ ಆಟದಲ್ಲಿ ಮಿಸ್ಟರ್ ಎಕ್ಸ್ ಪಟ್ಟಿಯ ಮೇಲಿನ ಟಿಕೆಟ್ಟುಗಳನ್ನು ಒಂದೊಂದಾಗಿ ತೆಗೆದು, ಬರೆದ ಅಂಕೆಗಳ ಮೇಲೆ ಬೆರಳಿಡುತ್ತಾ ತಾನು ಹೋದ ದಾರಿಯನ್ನು ತೋರಿಸುತ್ತಾನೆ. ಒಂಬತ್ತನೆಯ ನಡೆಯಲ್ಲಿ ಅವನು ಪಕ್ಕದ ನಿಲ್ದಾಣದಲ್ಲೇ ಇದ್ದನೆಂಬುದು ಆಗ ಪತ್ತೇದಾರರಿಗೆ ತಿಳಿಯುತ್ತದೆ, ಯಾರು ಆ ಕಡೆ ಹೋಗೋಣವೆಂದಿದ್ದರು, ಯಾರು ಬೇಡವೆಂದಿದ್ದರು ಎಂಬ ವಾದ ಶುರುವಾಗುತ್ತದೆ, ಮಣೆಯನ್ನು ಮಡಚುವುದು ತಡವಾಗುತ್ತದೆ. ಪರದೆಯ ಮೇಲೆ ಇದೇ ದಾರಿ ಕೆಲವೇ ಕ್ಷಣಗಳಲ್ಲಿ ಗೆರೆಯಾಗಿ ಓಡಿ ಮುಗಿದುಬಿಟ್ಟರೆ ವಾದಕ್ಕೆ ಎಡೆಯೇ ಸಿಗುವುದಿಲ್ಲ. ಆಟಗಾರರು ತಾವೇ ಒಂದೊಂದು ನಡೆಯನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ, ಆ ಹೊತ್ತಿಗೆ ಯಾರ್ಯಾರು ಎಲ್ಲೆಲ್ಲಿ ನಿಂತಿದ್ದರೆಂದು ನೋಡುವಂತಿದ್ದರೆ, ಬೇರೆ ಬೇರೆ ಊರುಗಳಲ್ಲಿ ಕೂತವರೂ ಆ ಒಂಬತ್ತನೆಯ ನಡೆಯ ಬಳಿ ನಿಂತು ಜಗಳವಾಡಬಹುದು.