ಹಸಿರು ಮೊದಲು, ಮೀನು ಆಮೇಲೆ

ಸಂಜೆ ಶಾಲೆಯಿಂದ ಬಂದ ಮಗು ಬೆನ್ನಿನ ಚೀಲವನ್ನೂ ಇಳಿಸದೆ ನಡುಮನೆಯ ಗಾಜಿನ ತೊಟ್ಟಿಯ ಬಳಿಗೆ ಓಡುತ್ತದೆ. ಬೆಳಿಗ್ಗೆ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದ ಚಿನ್ನದ ಮೀನು ಈಗ ಪಕ್ಕಕ್ಕೆ ವಾಲಿ ತೇಲುತ್ತಿದೆ. ಎರಡು ವಾರದ ಹಿಂದೆ ತಂದ ಆರರಲ್ಲಿ ಇದೇ ಕೊನೆಯದು. ತಂದೆ ಅಂಗಡಿಯವನನ್ನು ಬಯ್ಯುತ್ತಾರೆ. ಅಜ್ಜಿ ಯಾರದೋ ದೃಷ್ಟಿ ತಗಲಿತು ಎನ್ನುತ್ತಾರೆ. ಇನ್ನು ಈ ಮನೆಗೆ ಮೀನು ಬೇಡವೇ ಬೇಡವೆಂದು ತಾಯಿಯ ತೀರ್ಪು. ತೊಟ್ಟಿ ಅಟ್ಟ ಸೇರುತ್ತದೆ. ಎಷ್ಟು ಮನೆಗಳಲ್ಲಿ ನಡೆದಿಲ್ಲ ಈ ಕಥೆ!

ಅಂಗಡಿಯವನ ತಪ್ಪು ಇರಲೇಬೇಕೆಂದಿಲ್ಲ. ದೃಷ್ಟಿಯ ಮಾತಂತೂ ಬೇಡ. ಹೊಸ ತೊಟ್ಟಿಯ ಮೀನು ಸಾಯುವುದಕ್ಕೆ ಅನೇಕ ವೇಳೆ ಕಾರಣವೆಂದರೆ ತೊಟ್ಟಿ ತೀರ ಶುಭ್ರವಾಗಿರುವುದು. ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯವನ್ನು ಹೊರಹಾಕುತ್ತಿರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಕೆರೆಯ ನೀರಿನಲ್ಲಿ ಇದು ಲೆಕ್ಕಕ್ಕಿಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹಿಡಿಯುವುದು ಸುಮಾರು 56 ಲೀಟರು. ಅಲ್ಲಿ ಅದು ಕೆಲವೇ ದಿನಗಳಲ್ಲಿ ವಿಷವಾಗುತ್ತದೆ. ಹಳೆಯ ತೊಟ್ಟಿಯಾದರೆ, ಮರಳಿಗೂ ಫಿಲ್ಟರಿನ ಸ್ಪಂಜಿಗೂ ಅಂಟಿಕೊಂಡ ಒಂದು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟಾಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ನೈಟ್ರೈಟೂ ಘಾತಕವೇ, ಆಮ್ಲಜನಕವನ್ನು ಹೊರುವ ರಕ್ತದ ಶಕ್ತಿಯನ್ನೇ ಅದು ಕುಂದಿಸುತ್ತದೆ. ನೈಟ್ರೇಟಿನಿಂದ ಮಾತ್ರ ಅಷ್ಟು ಭಯವಿಲ್ಲ. ಗಿಡಗಳಿಗೆ ಅದು ಗೊಬ್ಬರ. ಮೀನು ಸತ್ತಿತೆಂಬ ಗಾಬರಿಯಲ್ಲಿ ನೀರನ್ನೆಲ್ಲ ಚೆಲ್ಲಿ, ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆಯುವ ಗೃಹಸ್ಥರು, ಆಗತಾನೇ ನೆಲೆಯೂರುತ್ತಿದ್ದ ಈ ಜೀವಿಗಳನ್ನೂ ಕ್ಲೋರಿನಿಗೆ ಬಲಿಗೊಡುತ್ತಾರೆ.

ಗಿಡ ಮೀನುಗಳ ಹೊಂದಾಣಿಕೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದ ಮೊದಲಿಗರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಒಬ್ಬ. 1849ರಲ್ಲಿ ಆತ 12 ಗ್ಯಾಲನ್ನಿನ ಗಾಜಿನ ಪಾತ್ರೆಯಲ್ಲಿ, ಎಂದರೆ ಹೆಚ್ಚುಕಡಿಮೆ ಮೇಲೆ ಹೇಳಿದ ತೊಟ್ಟಿಯಷ್ಟೇ ದೊಡ್ಡದರಲ್ಲಿ, ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನು ನೆಟ್ಟು ಚಿನ್ನದ ಮೀನುಗಳನ್ನು ಬಿಟ್ಟ. ಆರಲ್ಲ, ಎರಡೇ! ಕೆಲಕಾಲ ಎಲ್ಲವೂ ಸೊಗಸಾಗಿತ್ತು. ಬಳಿಕ ಗಿಡದ ಹಳೆಯ ಎಲೆಗಳು ಕೊಳೆತು, ಪಾಚಿ ಕಟ್ಟಿ, ನೀರು ಕದಡಿತು. ವಾರಿಂಗ್‌ಟನ್ ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತುದನ್ನೆಲ್ಲ ತಿಂದು ನೀರು ಮತ್ತೆ ತಿಳಿಯಾಯಿತು. ಈ ಪ್ರಯೋಗದ ವಿವರವನ್ನು 1850ರಲ್ಲಿ ಪ್ರಕಟಿಸಿದ ಆತನಿಗೆ ಬ್ಯಾಕ್ಟೀರಿಯಗಳ ಪಾತ್ರ ತಿಳಿದಿರಲಿಲ್ಲ. ಅದರ ಬೆನ್ನು ಹತ್ತಿದವನು ಅದೇ ಹೆಸರಿನ ಆತನ ಮಗ! ರಾಥಮ್‌ಸ್ಟೆಡ್ಡಿನ ಕೃಷಿ ಪ್ರಯೋಗಕ್ಷೇತ್ರದಲ್ಲಿ ಹೊಲದ ಮಣ್ಣನ್ನು ಪರೀಕ್ಷಿಸುತ್ತ, ಅಮೋನಿಯವು ನೈಟ್ರೇಟಾಗುವುದು ಎರಡು ಹಂತಗಳಲ್ಲಿ, ಬೇರೆ ಬೇರೆ ಜೀವಿಗಳಿಂದ ಎಂಬುದನ್ನು ಅವನು ಕಂಡುಕೊಂಡ. ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದ ಕೀರ್ತಿ 1890ರ ಸುಮಾರಿಗೆ ರಷ್ಯದ ಸೆರ್ಗೇ ವಿನೊಗ್ರಾಡ್ಸ್ಕಿಗೆ ಸಂದಿತು. ತಂದೆಯ ತೊಟ್ಟಿಯಲ್ಲಿ ಅಡಗಿದ್ದುದು ಮಗನಿಗೆ ಮಣ್ಣಿನಲ್ಲಿ ದೊರೆಯಿತು.

ಅಟ್ಟದ ತೊಟ್ಟಿಯನ್ನು ಕೆಳಗಿಳಿಸುವವರು ಮೊದಲು ಮಾಡಬೇಕಾದುದು ಮೀನಿನ ಆಸೆಯನ್ನು ಸುಮಾರು ಒಂದೂವರೆ ತಿಂಗಳು ಮುಂದೂಡುವುದು. ಹಿಂದಿನ ಮೀನುಗಳು ರೋಗದಿಂದ ಸತ್ತಿದ್ದರೆ ಹಳೆಯ ಸ್ಪಂಜನ್ನು ಎಸೆದು, ತೊಟ್ಟಿಯನ್ನು ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು, ಸೋಪು ಸೋಕಕೂಡದು. ನಲ್ಲಿಯ ನೀರನ್ನು ಒಂದೆರಡು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಮಿನ್ ಬೆರೆಸುವ ಊರುಗಳಲ್ಲಿ ಮಾತ್ರ ಅಂಗಡಿಯಲ್ಲಿ ದೊರೆಯುವ ನಿವಾರಕ ದ್ರಾವಣವೇ ಬೇಕು. ಎರಡು ಮೂರು ಅಂಗುಲ ಮರಳಿನಲ್ಲಿ ವ್ಯಾಲಿಸ್ನೇರಿಯವನ್ನು ನೆಡುವಾಗ ಬೇರು ಹೂತಿರಬೇಕು, ಎಲೆಗಳು ಹುಟ್ಟುವ ಬುಡ ಹೂಳಬಾರದು. ಜಾವಾ ಫರ್ನನ್ನು ನೆಡುವುದೇ ತಪ್ಪು. ಅದನ್ನು ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಬೇಕು. ಕ್ರಿಪ್ಟೊಕೊರೈನ್ ಗಿಡವಂತೂ ಸ್ಥಳ ಬದಲಾದ ಮುನಿಸಿಗೆ ಎಲೆಗಳನ್ನೆಲ್ಲ ಕರಗಿಸಿಕೊಂಡುಬಿಡುವುದುಂಟು. ಸತ್ತಿತೆಂದು ಕಿತ್ತೆಸೆಯುವ ಆತುರ ಬೇಡ. ಬೇರು ಗಟ್ಟಿಯಿದ್ದರೆ ಕೆಲವು ವಾರಗಳಲ್ಲಿ ಹೊಸ ಎಲೆ ಮೂಡುತ್ತದೆ. ದೀಪ ದಿನಕ್ಕೆ ಏಳೆಂಟು ಗಂಟೆ ಸಾಕು. ಕಿಟಕಿಯ ಬಿಸಿಲು ನೇರವಾಗಿ ಬಿದ್ದರೆ ಗಿಡಕ್ಕಿಂತ ಮುಂಚೆ ಪಾಚಿ ಬೆಳೆಯುತ್ತದೆ.

ಈ ಅವಧಿಯಲ್ಲಿ ಖಾಲಿ ತೊಟ್ಟಿಗೆ ದಿನವೂ ಚಿಟಿಕೆ ಆಹಾರ ಹಾಕುವವರನ್ನು ಕಂಡು ನೆರೆಯವರು ನಗಬಹುದು. ಅದು ಬ್ಯಾಕ್ಟೀರಿಯಗಳಿಗೆ ಇಟ್ಟ ಎಡೆ. ಪರಿಚಿತರ ಆರೋಗ್ಯವಂತ ತೊಟ್ಟಿಯಿಂದ ಒಂದು ತುಂಡು ಸ್ಪಂಜು ದೊರೆತರೆ ಕಾಯುವ ಕಾಲ ಬಹಳ ಕಡಿಮೆಯಾಗುತ್ತದೆ. ಮೊಸರಿಗೆ ಹೆಪ್ಪು ಹಾಕಿದಂತೆಯೇ ಸರಿ. ಪರೀಕ್ಷಾ ದ್ರಾವಣದಲ್ಲಿ ಅಮೋನಿಯ, ನೈಟ್ರೈಟುಗಳೆರಡೂ ಸೊನ್ನೆಯೆಂದು ತೋರಿದ ಬಳಿಕವೇ ಮೀನು. ಚಿನ್ನದ ಮೀನು ಎಳೆಯ ಗಿಡಗಳನ್ನು ತಿಂದು, ಬೇರನ್ನೂ ಕೆದಕುವುದರಿಂದ, ನಮ್ಮ ದೇಶದ ತೊರೆಗಳದೇ ಆದ ಗಟ್ಟಿಜೀವದ ಜೀಬ್ರಾ ಡೇನಿಯೊಗಳು ಮೇಲು. ಮೊದಲು ಮೂರು ನಾಲ್ಕು ಬಿಟ್ಟು, ನೀರನ್ನು ಮತ್ತೆ ಪರೀಕ್ಷಿಸಿ ಉಳಿದವನ್ನು ತರಬಹುದು. ತಂದ ಚೀಲವನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಬಿಟ್ಟು, ಬಿಸುಪು ಸಮನಾದ ಮೇಲೆ ಮೀನನ್ನು ಬಲೆಯಿಂದೆತ್ತಿ ಒಳಗೆ ಬಿಡುವ ಆ ಕೆಲಸವನ್ನು ಮಾತ್ರ ಮಗುವಿನ ಕೈಗೇ ಕೊಡಬೇಕು.