ಬಾಯಿಲೆಕ್ಕ ಬಲ್ಲವರು ಮನೆಯಲ್ಲೇ ಇದ್ದಾರೆ

ಮಕ್ಕಳೇ, ಒಂದೂವರೆ ಏಳ್ಲಿ ಎಷ್ಟು? ಮೊಬೈಲ್ ಮುಟ್ಟಬೇಡಿ. ಪಕ್ಕದಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಕೇಳಿ ನೋಡಿ. ಅವರು ಥಟ್ಟನೆ ‘ಹತ್ತೂವರೆ’ ಎಂದರೆ ನನಗೇನೂ ಆಶ್ಚರ್ಯವಿಲ್ಲ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು ನಾನು. ನಾನು ಚಿಕ್ಕವನಿದ್ದಾಗ ಸಂಜೆ ದೀಪ ಹಚ್ಚಿದ ಮೇಲೆ ಜಗುಲಿಯಲ್ಲಿ ಕುಳಿತು ಮಗ್ಗಿ ಒಪ್ಪಿಸಬೇಕಿತ್ತು. ಎರಡರಿಂದ ಇಪ್ಪತ್ತರವರೆಗೆ ಹೇಳಿದರೆ ಮುಗಿಯುತ್ತಿರಲಿಲ್ಲ. ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ ಮಗ್ಗಿಗಳೂ ಬಾಯಿಗೆ ಬರಬೇಕಿತ್ತು.

ಇವೆಲ್ಲ ಯಾಕೆ ಬೇಕಿತ್ತು ಗೊತ್ತೇ? ಆಗಿನ ದುಡ್ಡೂ ತೂಕವೂ ಅರ್ಧ, ಅರ್ಧದ ಅರ್ಧ ಎಂದು ಒಡೆಯುತ್ತಿದ್ದವು. ರೂಪಾಯಿಗೆ 16 ಆಣೆ. ಅರೆ ರೂಪಾಯಿ ಎಂಟಾಣೆ, ಕಾಲು ರೂಪಾಯಿ ನಾಲ್ಕಾಣೆ. 80 ತೊಲ ತೂಕದ ಸೇರಿಗೆ 16 ಛಟಾಕು. ಹಾಗಾಗಿ ಸೇರಿಗೆ ಎಷ್ಟು ರೂಪಾಯಿಯೋ, ಛಟಾಕಿಗೆ ಅಷ್ಟೇ ಆಣೆ! 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾಪೈಸೆ ಎಂದಾಯಿತು. ಮರುವರ್ಷದಿಂದ ಕಿಲೋಗ್ರಾಂ ಬರತೊಡಗಿತು. 2011ರಲ್ಲಿ 25 ಪೈಸೆಯ ನಾಣ್ಯದ ಚಲಾವಣೆಯೂ ನಿಂತಿತು. ಲೆಕ್ಕ ಸುಲಭವಾಯಿತು, ಒಳ್ಳೆಯದೇ. ಆದರೆ ಆಣೆಯ ಜೊತೆಗೆ ಬಾಯಿಲೆಕ್ಕವನ್ನೂ ನಾವು ಅಟ್ಟಕ್ಕೆ ಹಾಕಿಬಿಟ್ಟೆವು.

ನಮ್ಮೂರ ಸಂತೆಯಲ್ಲಿ ತರಕಾರಿ ಮಾರುವ ಹಿರಿಯ ಹೆಂಗಸೊಬ್ಬರಿದ್ದಾರೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಿಲೋಗೆ 84 ರೂಪಾಯಿಯಂತೆ ಮುಕ್ಕಾಲು ಕಿಲೋ ಹುರುಳಿಕಾಯಿ ಕೇಳಿದರೆ, ‘ಅರ್ಧಕ್ಕೆ 42, ಕಾಲಿಗೆ 21, ಒಟ್ಟು 63’ ಎನ್ನುತ್ತಾರೆ. ಚಿಲ್ಲರೆ ಕೊಡುವಾಗ ಅವರು ಕಳೆಯುವುದೇ ಇಲ್ಲ, ಕೂಡುತ್ತಾರೆ! 367 ರೂಪಾಯಿಯ ವ್ಯಾಪಾರಕ್ಕೆ 500ರ ನೋಟು ಕೊಟ್ಟಿರಿ ಎನ್ನಿ. ನಿಮ್ಮ ಕೈಗೆ 3 ರೂಪಾಯಿ ಇಟ್ಟು ‘ಮುನ್ನೂರ ಎಪ್ಪತ್ತು’, 30 ಇಟ್ಟು ‘ನಾನೂರು’, 100 ಇಟ್ಟು ‘ಐನೂರು’ ಎನ್ನುತ್ತಾರೆ. ಸರಿಯಾಗಿ 133 ರೂಪಾಯಿ ನಿಮ್ಮ ಕೈಲಿರುತ್ತದೆ.

ಇದನ್ನೆಲ್ಲ ಹೇಗೆ ಕಲಿತಿರಿ ಎಂದು ಒಮ್ಮೆ ಕೇಳಿದೆ. “ಕಲೀದೆ ಇದ್ದಿದ್ರೆ ಬದುಕೋಕೆ ಬಿಡ್ತಿದ್ರಾ ಮೇಷ್ಟ್ರೇ? ಓದೋಕೆ ಬರಲ್ಲ ಅಂತ ಗೊತ್ತಾದ್ರೆ ಮೋಸ ಮಾಡೋರು ಇದ್ದೇ ಇರ್ತಾರೆ. ಈ ಲೆಕ್ಕವೇ ನಂಗೆ ಕಾವಲು” ಅಂದರು.

ಓದು ಬರಹ ಕಲಿತ ನಮಗೂ ಆ ಕಾವಲು ಬೇಕು. ಮೊಬೈಲ್ ಲೆಕ್ಕ ತಪ್ಪುವುದಿಲ್ಲ, ನಿಜ. ಆದರೆ ನಿಮ್ಮ ಬೆರಳು ಒಂದು ಸೊನ್ನೆ ಹೆಚ್ಚಿಗೆ ಒತ್ತಿದರೆ ಅದಕ್ಕೆ ತಿಳಿಯದು. ‘ಅಯ್ಯೋ, ಇಷ್ಟೊಂದು ಆಗಲಾರದು’ ಎಂದು ಅನುಮಾನಪಡಬೇಕಾದದ್ದು ನಮ್ಮ ತಲೆ. ಸಾಲದ ವಿಷಯವನ್ನೇ ನೋಡಿ. ‘ತಿಂಗಳಿಗೆ ನೂರಕ್ಕೆ ಮೂರೇ ರೂಪಾಯಿ ಬಡ್ಡಿ’ ಎಂದರೆ ಕಿವಿಗೆ ಹಗುರ. 10,000 ರೂಪಾಯಿಗೆ ತಿಂಗಳಿಗೆ 300 ಆಯಿತು. ವರ್ಷಕ್ಕೆ 3,600! ಅಸಲು ಹಾಗೇ ಉಳಿದಿರುತ್ತದೆ. ಮೂರು ಎಂಬ ಚಿಕ್ಕ ಸಂಖ್ಯೆಗೆ ತಲೆಯಾಡಿಸಿ, ವರ್ಷ ತುಂಬಿದಾಗ ಕಣ್ಣೀರು ಹಾಕಿದವರನ್ನು ನಾನು ಕಂಡಿದ್ದೇನೆ.

ಈ ವಾರ ಒಂದು ಆಟ ಆಡಿ. ಅಜ್ಜ ಅಜ್ಜಿಯ ಜೊತೆ ಅಂಗಡಿಗೆ ಹೋದಾಗ, ಬಿಲ್ಲು ಬರುವ ಮೊದಲೇ ಇಬ್ಬರೂ ಮೊತ್ತ ಹೇಳಿ. ಸಾಮಾನಿನ ಬೆಲೆ 48, 97, 155 ಎಂದುಕೊಳ್ಳಿ. 48ನ್ನು 50 ಮಾಡಿ, 97ನ್ನು 100 ಮಾಡಿ, 155 ಸೇರಿಸಿ. 305 ಆಯಿತು. ಹೆಚ್ಚಿಗೆ ಹಾಕಿದ 5 ತೆಗೆದರೆ 300. ಇಪ್ಪತ್ತೈದು ರೂಪಾಯಿಯ 16 ಪೆನ್ನಿಗೆ ಎಷ್ಟು? 16ರಲ್ಲಿ ಕಾಲು ಭಾಗ 4, ಅಂದರೆ ನಾಲ್ಕು ನೂರು. ನಿಜವಾದ ಮೊತ್ತಕ್ಕೆ ಹತ್ತಿರ ಹೇಳಿದವರು ಗೆದ್ದಂತೆ.

ಅಜ್ಜ ಅಜ್ಜಿಯರೇ, ನಿಮಗೂ ಒಂದು ಮಾತು. ‘ಈಗಿನ ಮಕ್ಕಳಿಗೆ ಏನೂ ಬರೋದಿಲ್ಲ’ ಎಂದು ಬೈಯಬೇಡಿ. ನಾವು ಹೇಳಿಕೊಡದಿದ್ದರೆ ಬರುವುದಾದರೂ ಹೇಗೆ? ಮೊಬೈಲಿನಲ್ಲಿ ದುಡ್ಡು ಕಳಿಸುವುದನ್ನು ಮೊಮ್ಮಕ್ಕಳಿಂದ ಕಲಿಯಿರಿ. ಬದಲಿಗೆ ಮುಕ್ಕಾಲು ಮಗ್ಗಿ ಹೇಳಿಕೊಡಿ. ದಿನಕ್ಕೆ ಒಂದೇ ಸಾಲು, ಹತ್ತು ದಿನಕ್ಕೆ ಒಂದು ಮಗ್ಗಿ. ನೀವು ಹೇಳಿದ್ದನ್ನು ಮಕ್ಕಳು ತಮ್ಮ ಅಕ್ಷರದಲ್ಲೇ ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಮುಂದೆ ಅವರ ಮೊಮ್ಮಕ್ಕಳಿಗೂ ಬೇಕಾದೀತು.